ಹೈಡ್ರೋಜನ್ ಕೂತಿರೋ ಜಾಗ ನೋಡಿ ನಂಬ್ಬೇಡಿ

ಮುಂಬೈ ಹತ್ರ ಡೊಂಬಿವಲಿ ಎಂಐಡಿಸಿ ಅನ್ನೋ ಕೈಗಾರಿಕಾ ಪ್ರದೇಶದಲ್ಲಿ ಒಂದು ಕೆಮಿಸ್ಟ್ರಿ ಲ್ಯಾಬಲ್ಲಿ ನನ್ನ ಕೆಲ್ಸ. ಹೋದ ಮಳೆಗಾಲದಲ್ಲಿ ಧಾರವಾಡದಲ್ಲಿ ಎಂಎಸ್ಸಿ ಮುಗಿಸ್ಕೊಂಡು ಒಬ್ಬ ಹುಡುಗ ಟ್ರೇನಿಯಾಗಿ ಬಂದ, ಕೈ ಚುರುಕು, ಒಂದು ಕೀಟೋನ್ ರಿಡಕ್ಷನ್, ಅಂದ್ರೆ ಕೀಟೋನ್‌ಗೆ ಹೈಡ್ರೋಜನ್ ಸೇರಿಸಿ ಆಲ್ಕೋಹಾಲ್ ಮಾಡೋದು, ಅವನಿಗೇ ಒಪ್ಪಿಸಿದ್ದೆ. ಮೆಥನಾಲಲ್ಲಿ ಆ ಹೈಡ್ರೋಜನ್ ಕೊಡೋ ಸೋಡಿಯಂ ಬೋರೋಹೈಡ್ರೈಡ್, ಐಸ್ ಬಾತ್, ಎಲ್ಲ ಸರಿಯಾಗೇ ಮಾಡ್ದ. ಕೊನೇಲಿ ಕ್ವೆಂಚ್ ಮಾಡೋಕೆ, ಅಂದ್ರೆ ಉಳಿದ ಬೋರೋಹೈಡ್ರೈಡ್ ಮುಗಿಸಿ ರಿಯಾಕ್ಷನ್ ನಿಲ್ಸೋಕೆ, ಡೈಲ್ಯೂಟ್ ಎಚ್‌ಸಿಎಲ್ ಹನಿಹನಿಯಾಗಿ ಬಿಡ್ಬೇಕಿತ್ತು, ಸಿಲಿಂಡರಿಂದ ಒಂದೇ ಸಲ ಸುರಿದ್ಬಿಟ್ಟ. ಬುಸ್ ಅಂತ ನೊರೆ ಎದ್ದು ಫ್ಲಾಸ್ಕಿನ ಕತ್ತು ದಾಟಿ ಐಸ್ ಮೇಲೆ ಇಳೀತು. ಗ್ಯಾಸ್ ಹೊರಗೆಳೆಯೋ ಫ್ಯೂಮ್ ಹುಡ್‌ನ ಗಾಜು ಕೆಳಗೆಳೆದು ಅವನನ್ನ ಹಿಂದಕ್ಕೆ ಕರ್ಕೊಂಡೆ, ಬರ್ತಿದ್ದಿದ್ದು ಹೈಡ್ರೋಜನ್, ಒಂದು ಕಿಡಿ ಸಾಕು. ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ.

"ಸರ್, ಆಸಿಡ್‌ನಾಗೂ ಎಚ್ ಪ್ಲಸ್, ಇದರಾಗೂ ಎಚ್ ಪ್ಲಸ್ಸೇ ಅಲ್ಲೇನ್ರೀ? ಗ್ಯಾಸ್ ಹೆಂಗ ಬಂತ್ರೀ?" ಅಂದ. ಹನಿಹನಿಯಾಗಿ ಹಾಕು ಅಂದಿದ್ದೆ, ಯಾಕೆ ಅಂತ ಹೇಳಿರ್ಲಿಲ್ಲ, ಆ ತಪ್ಪು ನಂದೇ.

ಗೋಡೆ ಮೇಲಿನ ಪೀರಿಯಾಡಿಕ್ ಟೇಬಲ್ ಹತ್ರ ನಿಂತ್ಕೊಂಡ್ವಿ. ಹೈಡ್ರೋಜನ್ ಲಿಥಿಯಂ ತಲೆ ಮೇಲೆ ಕೂತಿದೆ, ಹಾಗಾಗಿ ಅದು ಯಾವಾಗ್ಲೂ ಎಲೆಕ್ಟ್ರಾನ್ ಬಿಟ್ಕೊಡತ್ತೆ ಅಂತ ಅನ್ಸತ್ತೆ. ಆದ್ರೆ ಬಾಂಡಲ್ಲಿ ಎಲೆಕ್ಟ್ರಾನನ್ನ ಯಾವ ಪರಮಾಣು ಎಷ್ಟು ಎಳ್ಕೊಳತ್ತೆ ಅಂತ ಅಳೆಯೋ ಪೌಲಿಂಗ್ ಸ್ಕೇಲಲ್ಲಿ ಲಿಥಿಯಂ 0.98, ಬೋರಾನ್ 2.04, ಕಾರ್ಬನ್ 2.55, ಹೀಗೆ ಬಲಕ್ಕೆ ಹೋದಂಗೆ ಹೆಚ್ಚುಕಮ್ಮಿ ಅರ್ಧರ್ಧ ಏರ್ತಾ ಫ್ಲೋರಿನ್‌ಗೆ 3.98. ಹೈಡ್ರೋಜನ್ 2.20, ಅಂದ್ರೆ ಅದರ ನಿಜವಾದ ಜಾಗ ಬೋರಾನ್ ಕಾರ್ಬನ್ ನಡುವೆ. ಕ್ಲೋರಿನ್ 3.16, ಅದರ ಜೊತೆ ವ್ಯತ್ಯಾಸ 0.96, ಎಲೆಕ್ಟ್ರಾನ್ ಕ್ಲೋರಿನ್ ಕಡೆಗೆ ಎಳ್ಕೊಳತ್ತೆ, ಹೈಡ್ರೋಜನ್ ಪ್ಲಸ್. ಬೋರಾನ್ ಜೊತೆ ಬರೀ 0.16, ಆದ್ರೆ ದಿಕ್ಕು ಉಲ್ಟಾ, ಹೈಡ್ರೋಜನ್ನೇ ಮೈನಸ್ ಕಡೆ. ಸಾಲದ್ದಕ್ಕೆ ಇಡೀ ಬೋರೋಹೈಡ್ರೈಡ್ ಅಯಾನಿಗೇ ಮೈನಸ್ ಚಾರ್ಜ್ ಇದೆ, ಇಷ್ಟು ಚಿಕ್ಕ ವ್ಯತ್ಯಾಸ ಒಂದೇ ಇದನ್ನ ಮಾಡಲ್ಲ. ಆಸಿಡ್ಡಿನ ಪ್ಲಸ್ಸು ಇದರ ಮೈನಸ್ಸು ಸೇರಿ ಗ್ಯಾಸ್.

ಆಮೇಲೆ ನಂಬರ್ ಮುಚ್ಚಿ ಕೇಳ್ದೆ, ಬೋರಾನ್ ಕೆಳಗೆ ಅಲ್ಯೂಮಿನಿಯಂ ಬಂದ್ರೆ? ಸ್ವಲ್ಪ ಹೊತ್ತು ನೋಡಿ "ಕೆಳಗ ಹೋದಂಗ ಎಳಿಯೂ ಶಕ್ತಿ ಕಡಿಮಿ, ವ್ಯತ್ಯಾಸ ಜಾಸ್ತಿ, ಇನ್ನೂ ಜೋರ್ರೀ" ಅಂದ. ಸರಿಯಾಗೇ ಹೇಳ್ದ, ಅಲ್ಯೂಮಿನಿಯಂ 1.61, ವ್ಯತ್ಯಾಸ 0.59, ಅದಕ್ಕೇ ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡನ್ನ ಮೆಥನಾಲಿಗೆ ಹಾಕೋ ಮಾತೇ ಇಲ್ಲ, ನೀರಿನ ಪಸೆ ಇಲ್ಲದ ಈಥರ್ ಇಲ್ಲಾ ಟಿಎಚ್‌ಎಫ್‌ನಂಥ ದ್ರಾವಕ ಬೇಕು.

ಈಗ ಅವನು ಕ್ವೆಂಚ್‌ಗೆ ಮುಂಚೆ ನೋಟ್‌ಬುಕ್ಕಲ್ಲಿ ಬಾಂಡ್ ಬರೆದು ಎಲೆಕ್ಟ್ರಾನ್ ಯಾವ ಕಡೆ ಅಂತ ಬಾಣ ಹಾಕ್ತಾನೆ, ಅದಕ್ಕೆ ನನ್ನ ಸೈನ್ ಬಿದ್ಮೇಲೇ ಆಸಿಡ್ ಹನಿಹನಿಯಾಗಿ ಬಿಡೋ ಡ್ರಾಪಿಂಗ್ ಫನಲ್ ತೆರೆಯೋದು.