ಒಂದು ಪ್ರಪೋಸಲ್ ಬರೆದುಕೊಡ್ತೀರಾ ಸರ್?

"ನಮ್ಮೂರಲ್ಲಿ ಒಂದು ಟ್ರಸ್ಟ್ ಇದೆ ಸರ್, ಒಳ್ಳೆ ಕೆಲಸ ನಡೀತಿದೆ. ಯಾವುದಾದ್ರೂ ಫೌಂಡೇಷನ್‌ಗೆ ಹಾಕೋಕೆ ಒಂದು ಪ್ರಪೋಸಲ್ ಬರೆದುಕೊಡ್ತೀರಾ?" ಸಂಸ್ಥೆಗಳ ಲೆಕ್ಕಪತ್ರ, ಅರ್ಜಿಗಳ ನಡುವೆಯೇ ದಿನ ಕಳೆಯುವ ನನಗೆ ಇದು ಮಾಮೂಲಿ ಫೋನ್. ನನ್ನ ಉತ್ತರ ಹಲವರಿಗೆ ರುಚಿಸುವುದಿಲ್ಲ: ಪ್ರಪೋಸಲ್ ಇರಲಿ, ಮೊದಲು ಬಜೆಟ್ ಹಾಳೆ ಕಳಿಸಿ.

ಕಾಗದಪತ್ರ ಇದೆ ಎಂದುಕೊಂಡೇ ಹೇಳುತ್ತಿದ್ದೇನೆ. ಟ್ರಸ್ಟ್ ಡೀಡ್ ಅಥವಾ ಸಂಘದ ನೋಂದಣಿ ಪತ್ರ, ಪ್ಯಾನ್, 12ಎ (ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ), ನೀತಿ ಆಯೋಗದ ಪೋರ್ಟಲ್ಲಿನ ದರ್ಪಣ್ ಐಡಿ, ಮೂರು ವರ್ಷದ ಆಡಿಟ್ ವರದಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಬೇಕಿದ್ದರೆ ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ಪಡೆದಿರಬೇಕು. 2021ರ ಏಪ್ರಿಲ್‌ನಿಂದ ಅದಿಲ್ಲದೆ ಆಗುವುದಿಲ್ಲ. ವಿದೇಶಿ ಹಣಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ಅನುಮತಿ ಬೇಕು. ಹೊಸ ಸಂಸ್ಥೆಗಳು ಸದ್ಯಕ್ಕೆ ಅದರ ಆಸೆ ಬಿಡುವುದು ಒಳ್ಳೆಯದು.

ಇನ್ನು ಯಾರನ್ನು ಕೇಳಬೇಕು ಎಂಬ ಮಾತು. ಫೌಂಡೇಷನ್ ಎಂದ ಕೂಡಲೇ ಎಲ್ಲರ ಬಾಯಲ್ಲೂ ಅಜೀಂ ಪ್ರೇಮ್‌ಜಿ, ಇನ್ಫೋಸಿಸ್, ಟಾಟಾ. ಸರಿಯೇ. ಆದರೆ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮಾಡುವ ಕಂಪನಿಯೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಲೇಬೇಕು. ತಾನಿರುವ ಜಾಗಕ್ಕೆ ಆದ್ಯತೆ ಕೊಡು ಎಂದೂ ಅದೇ ಕಾಯ್ದೆ ಹೇಳುತ್ತದೆ. ಸೇಡಂ ಕಡೆಯವರಿಗೆ ಸಿಮೆಂಟ್ ಕಾರ್ಖಾನೆ ಇದೆ, ತೋರಣಗಲ್ಲಿನ ಸುತ್ತ ಉಕ್ಕು ಇದೆ, ಬೆಳಗಾವಿಯಲ್ಲಿ ಸಕ್ಕರೆ ಇದೆ (ಸಹಕಾರಿ ಕಾರ್ಖಾನೆಗಳು ಕಂಪನಿಗಳಲ್ಲ, ಅವಕ್ಕೆ ಈ ಸೆಕ್ಷನ್ ತಾಗುವುದಿಲ್ಲ). ನಿಮ್ಮ ಕೆಲಸವನ್ನು ಬಂದು ಕಣ್ಣಾರೆ ನೋಡಬಲ್ಲವರನ್ನು ಬಿಟ್ಟು ಬೆಂಗಳೂರಿಗೆ ಇಮೇಲ್ ಹಾಕುತ್ತಾ ಕೂರುವುದು ಯಾಕೋ!

ಈಗ ಬಜೆಟ್. ಹತ್ತು ಹಳ್ಳಿಯಲ್ಲಿ ಮಕ್ಕಳಿಗೆ ಸಂಜೆ ಪಾಠ ನಡೆಸುವ ಯೋಜನೆ ಎಂದಿಟ್ಟುಕೊಳ್ಳಿ. ನನ್ನ ಕೈಗೆ ಬರುವ ಹಾಳೆ ಹೆಚ್ಚುಕಡಿಮೆ ಹೀಗಿರುತ್ತದೆ: ಲ್ಯಾಪ್‌ಟಾಪ್, ಪ್ರೊಜೆಕ್ಟರ್ 1,40,000. ಉದ್ಘಾಟನಾ ಸಮಾರಂಭ 60,000. ಇತರೆ 1,50,000. ಪಾಠ ಹೇಳುವ ಹತ್ತು ಮಂದಿಗೆ ತಿಂಗಳಿಗೆ 1,500ರಂತೆ ಗೌರವಧನ, 1,80,000. ಮೊದಲ ಪುಟದಲ್ಲಿ ಮಾತ್ರ "ಶಿಕ್ಷಣವೇ ರಾಷ್ಟ್ರದ ಬೆನ್ನೆಲುಬು."

ಹಣ ಕೊಡುವ ಕಡೆ ಕೂತವರು ಬೆನ್ನೆಲುಬನ್ನು ಹಾರಿಸಿ ನೇರ 1,500ಕ್ಕೆ ಬರುತ್ತಾರೆ. ಪದವಿ ಓದಿದ ಹುಡುಗಿ ಈ ದುಡ್ಡಿಗೆ ದಿನಾ ಸಂಜೆ ಎರಡು ಗಂಟೆ, ವರ್ಷವಿಡೀ ಬರುತ್ತಾಳೆಯೇ? ಮೂರನೇ ತಿಂಗಳಿಗೆ ಬಿಟ್ಟು ಹೋದರೆ ಪ್ರೊಜೆಕ್ಟರ್ ಯಾರಿಗೆ? 6,000 ಎಂದು ಬರೆದರೆ ಅದೊಂದೇ 7,20,000 ಆಗುತ್ತದೆ, ನಿಜ. ಆದರೆ ಆ ಯೋಜನೆ ಎಂದರೆ ಅವರೇ. ಧೈರ್ಯವಾಗಿ ಬರೆಯಿರಿ, ಸಮಾರಂಭ ಹೊಡೆದುಹಾಕಿ. "ಇತರೆ"ಯನ್ನು ಬಿಡಿಸಿ ಬರೆಯಲು ಆಗದಿದ್ದರೆ ಅದನ್ನೂ.

ಸಂಬಳ ಮುಚ್ಚಿಡುವ ಅಭ್ಯಾಸ ಸುಮ್ಮನೆ ಬಂದದ್ದಲ್ಲ. "ಸ್ಯಾಲರಿಗೆ ಕೊಡಲ್ಲ, ಹೆಸರು ಹಾಕೋಕಾಗುವ ವಸ್ತು ಕೇಳಿ" ಎನ್ನುವ ಕಂಪನಿಗಳು ಬೇಕಾದಷ್ಟಿವೆ. ಕೆಲವರು ಆಡಳಿತ ವೆಚ್ಚ ಶೇ. 5 ಮೀರಬಾರದು ಎಂಬ ನಿಯಮ ತೋರಿಸುತ್ತಾರೆ. ಆ ಮಿತಿ ಇರುವುದು ಕಂಪನಿ ತನ್ನೊಳಗೆ ಸಿಎಸ್‌ಆರ್ ಆಡಳಿತಕ್ಕೆ ಮಾಡುವ ಖರ್ಚಿಗೆ. ಯೋಜನೆಯನ್ನು ನಡೆಸಲು, ಉಸ್ತುವಾರಿಗೆ ನೇರವಾಗಿ ತಗಲುವ ವೆಚ್ಚ ಅದರೊಳಗೆ ಬರುವುದಿಲ್ಲ ಎಂದು ನಿಯಮದಲ್ಲೇ ಬರೆದಿದೆ. ಪಾಠ ಹೇಳುವವರ ಸಂಬಳ ಯೋಜನೆಯ ವೆಚ್ಚ. ಮೀಟಿಂಗ್‌ನಲ್ಲಿ ಇದನ್ನು ವಿನಯವಾಗಿ ಹೇಳಿ. ಒಪ್ಪದಿದ್ದರೆ ಆ ಹಣ ನಿಮಗಲ್ಲ.

ಫೆಬ್ರುವರಿ, ಮಾರ್ಚಿನಲ್ಲಿ ಇನ್ನೊಂದು ಬಗೆಯ ಫೋನ್. ಕಂಪನಿಯವರೇ ಮಾಡಿ, "31ರೊಳಗೆ ಖರ್ಚು ತೋರಿಸಬೇಕು, ತಗೊಳ್ತೀರಾ?" ಎನ್ನುತ್ತಾರೆ. ಒಂದು ವರ್ಷಕ್ಕೆ ಮೀರಿದ ಯೋಜನೆಯಾದರೆ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷದಲ್ಲಿ ಬಳಸಲು ಅವರಿಗೆ ಅವಕಾಶ ಇದೆ. ಅದನ್ನು ನೆನಪಿಸಿ. ಗಡಿಬಿಡಿಯಲ್ಲಿ ತಂದ ಬಿಲ್ಲುಗಳಿಗೆ ಆಡಿಟ್‌ನಲ್ಲಿ ಉತ್ತರಿಸಬೇಕಾದವರು ನೀವು.

ಮತ್ತೆ, "ಹತ್ತು ಪರ್ಸೆಂಟ್ ಕೊಟ್ಟರೆ ಮಾಡಿಸಿಕೊಡ್ತೀನಿ" ಎನ್ನುವವರು ಜಿಲ್ಲೆಗಿಬ್ಬರಾದರೂ ಇದ್ದಾರೆ. ಕೆಲಸ ಮುಗಿದ ಮೇಲೆ ಹಣ ಯಾವುದಕ್ಕೆ ಖರ್ಚಾಯಿತೆಂದು ತೋರಿಸುವ ವಿನಿಯೋಗ ಪ್ರಮಾಣಪತ್ರ ಕೊಡಬೇಕಲ್ಲ, ಆ ಹತ್ತು ಪರ್ಸೆಂಟನ್ನು ಯಾವ ಸಾಲಿನಲ್ಲಿ ತೋರಿಸೋದು ಅಂತ ಅವರನ್ನೇ ಕೇಳಿ ನೋಡಿ.