ಅಣ್ಣನ ನಗು, ತಮ್ಮನ ನಗು

ಮೈಸೂರಿನ ಯಾದವಗಿರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಾರಾಯಣ್, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಒಡಹುಟ್ಟಿದವರು. ಅಣ್ಣನ ಹಾಸ್ಯ ಅಷ್ಟು ಮೆತ್ತಗೆ, ತಮ್ಮನದು ಅಷ್ಟು ಚುರುಕು. ಒಂದೇ ಮನೆಯಲ್ಲಿ ಬೆಳೆದು ಹೀಗೇಕೆ?"

ಒಂದೇ ಮನೆಯಲ್ಲಿ ಬೆಳೆದರು ಅನ್ನುವುದೇ ಅರ್ಧ ಸತ್ಯ. 1906ರಲ್ಲಿ ಹುಟ್ಟಿದ ಅಣ್ಣ ಬಾಲ್ಯ ಕಳೆದದ್ದು ಮದ್ರಾಸಿನಲ್ಲಿ, ಅಜ್ಜಿಯ ಬಳಿ. ಜೊತೆಗಿದ್ದದ್ದು ಒಂದು ನವಿಲು, ಒಂದು ಕೋತಿ. ಒಂಟಿ ಹುಡುಗನಿಗೆ ನೋಡುತ್ತಾ ಕೂರಲು ಬೇಕಾದಷ್ಟು ಹೊತ್ತಿತ್ತು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಹೆಡ್‌ಮಾಸ್ಟರ್ ತಂದೆಯ ತುಂಬಿದ ಮನೆಯಲ್ಲಿ ಕಡೇ ಮಗ. ಓದಲು ಬರುವ ಮೊದಲೇ ಪತ್ರಿಕೆಗಳ ಚಿತ್ರಗಳಿಗೆ ಮನಸೋತವರು. ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚಿದವರು. ಕಾಲೇಜಿನ ದಿನಗಳಲ್ಲೇ ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ'ಗೆ ವ್ಯಂಗ್ಯಚಿತ್ರ ಬರೆದರು. ಕನ್ನಡದ ನಗೆಯ ಅಂಗಳದಲ್ಲಿ ಅವರ ಕೈ ಪಳಗಿತು ಎಂಬುದು ನನಗೆ ಇವತ್ತಿಗೂ ಹೆಮ್ಮೆ.

ನನ್ನ ಮಟ್ಟಿಗೆ ನಿಜವಾದ ವ್ಯತ್ಯಾಸ ಇರುವುದು ಮಾತಿನಲ್ಲಿ. ನಾರಾಯಣ್ ತಮ್ಮ ಕಥೆಗಳಿಗಾಗಿ ಕಲ್ಪಿಸಿದ ಊರು ಮಾಲ್ಗುಡಿಯವರು ಬಾಯಿ ಮುಚ್ಚುವವರಲ್ಲ. 'ದಿ ಗೈಡ್' ಕಾದಂಬರಿಯ ರಾಜು ತನ್ನ ಬದುಕಿನ ಕಥೆಯನ್ನು ಹಳ್ಳಿಗ ವೇಲನ್‌ಗೆ ರಾತ್ರಿಯಿಡೀ ಹೇಳುತ್ತಾನೆ. ಸುಳ್ಳು ಹೇಳಿದ್ದು, ಸಹಿ ನಕಲು ಮಾಡಿದ್ದು, ಎಲ್ಲವನ್ನೂ. ಇಷ್ಟು ಕೇಳಿಸಿಕೊಂಡ ಮೇಲೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೆ ಆಗುವುದೇ ಇಲ್ಲ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳ ಶ್ರೀಸಾಮಾನ್ಯನೋ, ಆ ಪಂಚೆ, ಚೌಕಳಿ ಕೋಟಿನಲ್ಲಿ ದಶಕಗಟ್ಟಲೆ ನಿಂತ, ಒಂದು ಮಾತೂ ಆಡಲಿಲ್ಲ. ಮಂತ್ರಿಗಳು ಮಾತಾಡಿದರು, ಅಧಿಕಾರಿಗಳು ಮಾತಾಡಿದರು, ಅವನ ಹೆಂಡತಿಯೂ ಖಾರವಾಗಿ ಮಾತಾಡಿದಳು. ಅವನು ಕಣ್ಣರಳಿಸಿ ನೋಡಿದ, ಅಷ್ಟೆ. ಅಣ್ಣ ಮನುಷ್ಯನಿಗೆ ಸಾಕಾಗುವಷ್ಟು ಮಾತು ಕೊಟ್ಟು ಅವನ ಸಣ್ಣತನವನ್ನು ಕ್ಷಮಿಸುವಂತೆ ಮಾಡಿದರು. ತಮ್ಮ ಅವನಿಂದ ಮಾತನ್ನೇ ತೆಗೆದು, ಮಾತಾಡುವವರ ಬಣ್ಣ ಬಯಲು ಮಾಡಿದರು. ಇಬ್ಬರೂ ನೋಡಿದ್ದು ಅದೇ ಮಧ್ಯಮವರ್ಗದ, ಸಂಬಳ ಎಣಿಸುವ, ಅಂಜುವ ಮನುಷ್ಯನನ್ನೇ.

ಹಾಗಾಗಿಯೇ ಅಣ್ಣನ ಕಥೆಗಳಿಗೆ ತಮ್ಮನ ಗೆರೆ ಅಷ್ಟು ಚೆನ್ನಾಗಿ ಒಪ್ಪಿತು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ ಶುರುವಾಗುವಾಗ ಮೂಡುವ ಆ ರೇಖಾಚಿತ್ರಗಳು ಲಕ್ಷ್ಮಣ್ ಅವರವೇ.

ನೆಂಟರಿಗೆ ಇನ್ನೊಂದು ವಿಷಯವನ್ನೂ ತಪ್ಪದೆ ಹೇಳುತ್ತೇನೆ. 1986ರಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. ಲಕ್ಷ್ಮಣ್ ದಶಕಗಳಿಂದ ಗೆರೆಯಲ್ಲಿ ಹಿಡಿಯುತ್ತಾ ಬಂದ ನಾಯಕರ ನಡುವೆ ಹೋಗಿ ಕೂತ ಈ ಅಣ್ಣ ಅಲ್ಲಿ ಮಾತಾಡಿದ್ದು ಯಾವ ನಾಯಕನ ಬಗ್ಗೆಯೂ ಅಲ್ಲ. ಶಾಲೆಗೆ ಹೋಗುವ ಮಕ್ಕಳ ಬೆನ್ನು ಬಾಗಿಸುವ ಪುಸ್ತಕದ ಚೀಲದ ಬಗ್ಗೆ. 1935ರಲ್ಲಿ ಪ್ರಕಟವಾದ ತಮ್ಮ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಶಾಲಾಹುಡುಗ ಸ್ವಾಮಿಯನ್ನು ಅವರು ಮರೆತಿರಲಿಲ್ಲ.