ಸೀಟ್ ಬೆಲ್ಟ್ ಇಲ್ಲದ ಕಾಲದ ಪೈಲಟ್

ಜೂನ್ 20, 2024, ಗುರುವಾರ

ಈ ವಾರವೆಲ್ಲ ಜಾನ್ ಟವರ್ಸ್ ಬಗ್ಗೆಯೇ ಓದುತ್ತಿದ್ದೇನೆ. ಅಮೆರಿಕದ ನೌಕಾಪಡೆಯ ಮೂರನೇ ಪೈಲಟ್ ಈತ. 1911ರಲ್ಲಿ ವಿಮಾನ ತಯಾರಕ ಗ್ಲೆನ್ ಕರ್ಟಿಸ್ ಹತ್ತಿರ ವಿಮಾನ ಹಾರಿಸಲು ಕಲಿತವನು, ಕೊನೆಗೆ ಅಡ್ಮಿರಲ್ ಆದ. ಆದರೆ 1913ರಲ್ಲಿ, ಇದೇ ತಾರೀಖಿನಂದು, ಅವನ ಕಥೆ ಮುಗಿದೇ ಹೋಗಬೇಕಿತ್ತು.

ಅನ್ನಾಪೊಲಿಸ್ ಹತ್ತಿರ, ಚೆಸಾಪೀಕ್ ಕೊಲ್ಲಿಯ ಮೇಲೆ, ಸುಮಾರು 1,600 ಅಡಿ ಎತ್ತರ. ಹಾರಿಸುತ್ತಿದ್ದವನು ಬಿಲಿಂಗ್ಸ್ಲಿ ಎಂಬ ಹುಡುಗ ಅಧಿಕಾರಿ, ಟವರ್ಸ್ ಪಕ್ಕದಲ್ಲಿ. ಆಗಿನ ವಿಮಾನಕ್ಕೆ ಸುತ್ತ ಮರೆಯೂ ಇಲ್ಲ, ಬೆಲ್ಟೂ ಇಲ್ಲ. ರೆಕ್ಕೆಯ ಅಂಚಿನಲ್ಲಿ ಸುಮ್ನೆ ಕೂತಿರಬೇಕು. ಗಾಳಿ ಒಮ್ಮೆಲೇ ಎತ್ತಿ ಕುಕ್ಕಿತು. ಬಿಲಿಂಗ್ಸ್ಲಿ ಸೀಟಿನಿಂದ ಎಗರಿ ಕೆಳಗೆ ಬಿದ್ದು ಸತ್ತ. ಟವರ್ಸ್ ಕೂಡ ಎಗರಿದ್ದ, ಆದರೆ ರೆಕ್ಕೆಗಳ ನಡುವಿನ ಒಂದು ಕಂಬಿ ಕೈಗೆ ಸಿಕ್ಕಿತು. ಅದಕ್ಕೇ ಜೋತುಬಿದ್ದ. ವಿಮಾನದ ಜೊತೆಗೇ ನೀರಿಗೆ ಅಪ್ಪಳಿಸಿದ. ತುಂಬಾ ಪೆಟ್ಟಾದರೂ ಬದುಕಿದ. ಪೈಲಟ್‌ಗಳಿಗೆ ಬೆಲ್ಟ್ ಬೇಕೇ ಬೇಕು ಅಂತ ನೌಕಾಪಡೆಗೆ ಅನ್ನಿಸಿದ್ದು ಇದಾದ ಮೇಲೆ.

ನನಗೆ ಜಾಸ್ತಿ ಇಷ್ಟವಾದದ್ದು 1919ರ ಕಥೆ. ಅಟ್ಲಾಂಟಿಕ್ ದಾಟಲು ಮೂರು ಹಾರುವ ದೋಣಿಗಳು (ನೀರಿನ ಮೇಲೆ ಇಳಿಯಬಲ್ಲ ವಿಮಾನಗಳು) ನ್ಯೂಫೌಂಡ್‌ಲ್ಯಾಂಡ್‌ನಿಂದ ಹೊರಟವು. ಮೂರಕ್ಕೂ ಮುಖಂಡ ಟವರ್ಸ್, ತಾನು ಕೂತದ್ದು ಎನ್‌ಸಿ-3ರಲ್ಲಿ. ಅಜೋರ್ಸ್ ದ್ವೀಪಗಳ ಹತ್ತಿರ ಮಂಜು ಮುಸುಕಿತು. ಎಲ್ಲಿದ್ದೇವೆ ಅಂತ ನೋಡಿಕೊಳ್ಳಲು ಸಮುದ್ರದ ಮೇಲೆ ಇಳಿಸಿದರು. ಅಲೆಗಳ ಹೊಡೆತಕ್ಕೆ ವಿಮಾನ ಜಖಂ ಆಯಿತು, ಮತ್ತೆ ಏಳಲಿಲ್ಲ. ಸರಿ, ಹಾರಲು ಆಗದಿದ್ದರೇನು, ಇವರು ನಾವಿಕರಲ್ವಾ? ಬಾಲಕ್ಕೆ ಗಾಳಿ ಹಿಡಿಸಿ, ಹಿಮ್ಮುಖವಾಗಿ, ಸುಮಾರು 200 ಮೈಲಿ ತೇಲಿಸಿಕೊಂಡು ಹೋದರು. ವಾಲದಂತೆ ಒಬ್ಬೊಬ್ಬರು ಸರದಿಯಲ್ಲಿ ರೆಕ್ಕೆಯ ಮೇಲೆ ಹತ್ತಿ ಭಾರ ಹಾಕಬೇಕಿತ್ತು. ಎರಡು ದಿನ ದಾಟಿದ ಮೇಲೆ ಅಜೋರ್ಸ್‌ನ ಪೊಂಟಾ ಡೆಲ್ಗಾಡಾ ಬಂದರು ಕಂಡಿತು. ಎಳೆದುಕೊಂಡು ಹೋಗಲು ಹಡಗು ಬಂದರೆ ಬೇಡ ಅಂದು, ತಮ್ಮದೇ ಎಂಜಿನ್ ಹಾಕಿಕೊಂಡು ಒಳಗೆ ಹೋದರು! ಲಿಸ್ಬನ್ ತಲುಪಿ ಹೆಸರು ಮಾಡಿದ್ದು ಮಾತ್ರ ಎನ್‌ಸಿ-4.

ಮುಂದೆ ಲ್ಯಾಂಗ್ಲಿ, ಸಾರಾಟೋಗಾ ವಿಮಾನವಾಹಕ ಹಡಗುಗಳ ಕ್ಯಾಪ್ಟನ್ ಆದ. 1939ರಲ್ಲಿ ನೌಕಾಪಡೆಯ ವಿಮಾನ ವಿಭಾಗದ ಮುಖ್ಯಸ್ಥನಾದ.

ಇಲ್ಲೊಂದು ತಮಾಷೆ ಇದೆ, ಸ್ವಲ್ಪ ಕಹಿ ತಮಾಷೆ. ವಿಮಾನವಾಹಕ ಹಡಗು ನಡೆಸುವವರು ವೈಮಾನಿಕರೇ ಆಗಿರಬೇಕೆಂಬ ಕಾನೂನು 1926ರಲ್ಲಿ ಬಂತು. ಆಮೇಲೆ ತಲೆ ನರೆತ ಅಧಿಕಾರಿಗಳೆಲ್ಲ ಹಾರಾಟದ ಶಾಲೆಗೆ ಸೇರಿದರು. ಅವರಲ್ಲಿ ಅರ್ನೆಸ್ಟ್ ಕಿಂಗ್ ಎಂಬಾತ ಪೈಲಟ್ ಆದಾಗ ವಯಸ್ಸು 48, ವಿಲಿಯಂ ಹಾಲ್ಸಿ ಎಂಬಾತನಿಗೆ 52. ಎರಡನೇ ಮಹಾಯುದ್ಧದ ಕಾಲದಲ್ಲಿ ಕಿಂಗ್ ಇಡೀ ನೌಕಾಪಡೆಯ ಮುಖ್ಯಸ್ಥ, ಹಾಲ್ಸಿ ಸಮುದ್ರದಲ್ಲಿ ದೊಡ್ಡ ಪಡೆಗಳ ನಾಯಕ. 1911ರಿಂದ ಹಾರಿದ ಟವರ್ಸ್ 1942ರ ಕೊನೆಯಿಂದ ಕೂತಿದ್ದು ಪರ್ಲ್ ಹಾರ್ಬರ್‌ನ ಮೇಜಿನ ಮುಂದೆ. ವಿಮಾನ, ಪೈಲಟ್, ಬಿಡಿಭಾಗ ಒದಗಿಸುವ ಕೆಲಸ. ಅದಿಲ್ಲದೆ ಯುದ್ಧವೇ ನಡೆಯುತ್ತಿರಲಿಲ್ಲ, ನಿಜ. ಆದರೂ ಆತ ಒಳಗೊಳಗೇ ಕುದ್ದಿರಬೇಕು ಅಂತ ನನ್ನ ಊಹೆ. ವಿಮಾನವಾಹಕ ಹಡಗುಗಳ ದೊಡ್ಡ ಪಡೆಯೊಂದು ಕೊನೆಗೂ ಅವನ ಕೈಗೆ ಬಂದದ್ದು 1945ರಲ್ಲಿ, ಜಪಾನ್ ಕಾದಾಟ ನಿಲ್ಲಿಸಿದ ಮೇಲೆ.